ಮನಸ್ಸಿದ್ದರೆ ನೆನಪಿರ್ತದಾ?

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮನೆಗಳಲ್ಲಿ ಕೇಳುವ ಮಾತೊಂದುಂಟು: ‘ಮನಸ್ಸಿದ್ದರೆ ನೆನಪಿರ್ತದೆ.’ ಹೇಳಿದ ಸಾಮಾನು ತಾರದ ಮಗನಿಗೆ, ಮಾತಿನ ನಡುವೆ ಎಲ್ಲೋ ನೋಡುವ ಹೆಂಡತಿಗೆ ಇದೇ ತೀರ್ಪು. ನೆನಪಿಲ್ಲ ಅಂದರೆ ಪ್ರೀತಿ ಇಲ್ಲ. ಈ ತೀರ್ಪು ಸರಿಯೇ ಎಂಬುದು ಎಡಿಎಚ್‌ಡಿ ಇರುವ ನನಗೆ ಬರೀ ತತ್ತ್ವಶಾಸ್ತ್ರದ ಪ್ರಶ್ನೆಯಲ್ಲ.

ಗಮನ ಕೊಡದಿರುವುದಕ್ಕೂ ಬೆಲೆ ಕೊಡದಿರುವುದಕ್ಕೂ ಕನ್ನಡದಲ್ಲಿ ಒಂದೇ ಪದ: ಅಲಕ್ಷ್ಯ. ಈ ಬೆರಕೆ ನಮ್ಮ ಭಾಷೆಯಲ್ಲಿ ಮಾತ್ರ ಇರುವುದಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ, ಬುದ್ಧಿ ಸರಿಯಿದ್ದೂ ಅವರಲ್ಲಿ ನೈತಿಕ ನಿಯಂತ್ರಣದ ಕೊರತೆಯಿದೆ ಎಂದಿದ್ದರು. ಇನ್ನೊಬ್ಬರನ್ನು ಪ್ರೀತಿಯಿಂದ, ನ್ಯಾಯವಾಗಿ ಗಮನಿಸುವುದೇ ನೈತಿಕ ಬದುಕಿನ ತಿರುಳು ಎಂದು ಐರಿಸ್ ಮರ್ಡಾಕ್ 1970ರಲ್ಲಿ ವಾದಿಸಿದರು. ಹಾಗಾದರೆ ಗಮನವೇ ನಿಲ್ಲದವರು ಪ್ರೀತಿಸಲಾರರೇ?

ಮರ್ಡಾಕ್ ಕೊಡುವ ಉದಾಹರಣೆ ಒಬ್ಬ ಅತ್ತೆಯದು. ಸೊಸೆ ಒರಟು ಎಂದುಕೊಂಡಿದ್ದವಳು, ತನ್ನ ನೋಟದಲ್ಲೇ ದೋಷವಿದ್ದೀತು ಎಂದು ಮತ್ತೆ ನೋಡುತ್ತಾಳೆ. ಅಂದರೆ ಗಮನ ಎಂದರೆ ಕಣ್ಣು ಕದಲಿಸದಿರುವುದಲ್ಲ, ಮರಳಿ ನೋಡುವುದು. ಅದು ನನ್ನಂಥವರಿಗೂ ಸಾಧ್ಯ. ಆದರೆ ಅದಕ್ಕೆ ಏರ್ಪಾಡು ಬೇಕು.

ಅಡಿಕೆಗೆ ಕೊಳೆರೋಗ ಬಾರದಿರಲಿ ಎಂದು ಮಳೆಗಾಲದ ಆರಂಭದಲ್ಲೇ ಮೈಲುತುತ್ತು, ಸುಣ್ಣದ ಮದ್ದು ಬಿಡುತ್ತೇವೆ. 40–45 ದಿನಕ್ಕೆ ಇನ್ನೊಂದು ಸುತ್ತು. ಆ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವರಿಗೆ ತೋಟದ ಮೇಲೆ ಪ್ರೀತಿ ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಅಮ್ಮನ ಬಿಪಿ ಮಾತ್ರೆ ಮುಗಿಯುವ ದಿನಕ್ಕೆ ನಾನು ಮೊಬೈಲಿನಲ್ಲಿ ಅಲಾರಂ ಇಟ್ಟರೆ ಮಾತ್ರ ‘ಅದಕ್ಕೂ ಅಲಾರಂ ಬೇಕಾ?’ ಎಂಬ ಪ್ರಶ್ನೆ. ಅಲಾರಂ ಇಡುವಾಗ ನೆನೆದದ್ದು ಅಮ್ಮನನ್ನೇ ಅಲ್ಲವೇ?

ಮರೆವಿಗಿಂತ ಕಷ್ಟದ್ದು ಸಿಟ್ಟು. ಎಡಿಎಚ್‌ಡಿ ಇರುವ ಹಲವರಿಗೆ ಸಿಟ್ಟು, ನೋವು ಎರಡೂ ಥಟ್ಟನೆ ಏರುತ್ತವೆ. ಅದಕ್ಕೆ ಅಮ್ಮ ಮತ್ತು ನಾನು ಒಂದು ಕರಾರು ಮಾಡಿಕೊಂಡಿದ್ದೇವೆ. ದನಿ ಏರತೊಡಗಿದರೆ ಇಬ್ಬರಲ್ಲಿ ಯಾರಾದರೂ ‘ತೋಟಕ್ಕೆ ಹೋಗಿ ಬರ್ತೇನೆ’ ಅನ್ನಬಹುದು. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಅನ್ನಬಾರದು, ‘ಹೋಗಿ ಬರ್ತೇನೆ’ ಅನ್ನಬೇಕು ಎಂದು ಹಿರಿಯರು ಕಲಿಸಿದ್ದಾರಲ್ಲ, ಹಾಗೆ ಇಲ್ಲಿಯೂ ಬರುವುದೇ ಮುಖ್ಯ. ರಾತ್ರಿ ಊಟಕ್ಕೆ ಮೊದಲು, ಬಿಟ್ಟಲ್ಲಿಂದ ಮಾತು ಮುಂದುವರಿಯಬೇಕು. ಎದ್ದು ಹೋಗಲು ನನ್ನ ಸ್ಥಿತಿ ಕಾರಣವಾದೀತು. ಮರಳಿ ಬಂದು ಕೂರದಿರಲು ಅದು ಕಾರಣವಾಗದು.

ಹಾಗಾಗಿ ಊರಿನ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮನಸ್ಸಿದ್ದರೆ ನೆನಪಿರ್ತದೆ ಎಂಬುದು ನಿಜವಲ್ಲ. ಮನಸ್ಸಿದ್ದರೆ ನೆನಪಿಗೊಂದು ದಾರಿ ಮಾಡಿಕೊಳ್ಳಬಹುದು ಎಂಬುದು ನಿಜ. ಆ ದಾರಿಯನ್ನೂ ಹುಡುಕದ ನನ್ನಂಥವರ ಮೇಲೆ ಸಿಟ್ಟಾಗುವ ಹಕ್ಕು ಮನೆಯವರಿಗೆ ಉಂಟು.