ನೆರೆ ಎಂಬ ಮಾತು

ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ತರಗತಿಯಲ್ಲಿ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಎರಡರ ನಂಟನ್ನು ತಿಳಿಸಿಕೊಟ್ಟದ್ದು ಒಂದು ಭೂಪಟ.

ರಾಜಾಜಿನಗರದ ನಾವು ನೆರೆಯವರೆಂದು ಬಗೆಯುವುದು, ಬಹಳವೆಂದರೆ, ಸಂಕ್ರಾಂತಿಗೆ ಎಳ್ಳು ಬೀರಿ ಬರುವಷ್ಟು ದೂರದವರನ್ನು. ಇಳಿಜಾರನ್ನು ತೋರಿಸುವ ಪಟದ ಲೆಕ್ಕವೇ ಬೇರೆ. ನಮ್ಮ ಬಚ್ಚಲ ನೀರು ವೃಷಭಾವತಿಯ ಪಾಲಾಗಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ, ಕೆಂಗೇರಿಗಳನ್ನು ಹಾದು, ಬಿಡದಿಯ ಬಳಿಯ ಬೈರಮಂಗಲದತ್ತ ಹರಿಯುತ್ತದೆ. ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಶುದ್ಧೀಕರಣ ಘಟಕಗಳೇನೋ ಇವೆ. ಆದರೂ ಕೆಂಗೇರಿಯ ಸೇತುವೆ ದಾಟುವ ಮೂಗಿಗೆ ಬೇರೆ ಪುರಾವೆ ಬೇಡ. ನಗರಕ್ಕೆ 1974ರಿಂದ ಬರುತ್ತಿರುವುದೂ ಕಾವೇರಿಯೇ, ಸುಮಾರು 100 ಕಿಲೋಮೀಟರು ದೂರದಿಂದ ಏರಿಸಿ ತಂದದ್ದು. ಆದರೆ ಅದನ್ನು ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ನಾವು ಕೆಡಿಸಿದ್ದು ನಮ್ಮ ಬಾಯಿಗೆ ಮರಳಿ ಬಾರದು.

1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾದ ಸಾವುಗಳನ್ನು ಪಟದಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ನೆರೆದಿರುವುದನ್ನು ತೋರಿಸಿದ. ಅಲ್ಲಿ ನೀರೂ ಸಾವೂ ಒಂದೇ ಕೇರಿಯವು. ನಮ್ಮ ಪಟ ಅದಕ್ಕಿಂತ ಕಷ್ಟದ್ದು: ಚೆಲ್ಲುವವರು ಇಲ್ಲಿ, ಕೆಡುವುದು ಬೈರಮಂಗಲದ ರೈತನ ಹೊಲ, ಬಾವಿ.

ತಿಳಿಯದೆ ಮಾಡಿದ್ದಕ್ಕೆ ಕ್ಷಮೆಯುಂಟು. ಪಟ ಬಿಚ್ಚಿದ ಮೇಲೆ ಆ ಆಸರೆ ಉಳಿಯದು. ಊರೆಲ್ಲ ಚೆಲ್ಲುವಾಗ ನನ್ನೊಂದು ಬಿಂದಿಗೆಯ ಪಾಲೆಷ್ಟು ಎಂದು ಕೇಳಬಹುದು. ಲೆಕ್ಕ ಸರಿಯೇ. ಆದರೆ ರಸ್ತೆ ಬೇಕೆನ್ನುವಾಗ, ನೀರು ಬೇಕೆನ್ನುವಾಗ ನಾವು ಊರಾಗಿ ಕೇಳುತ್ತೇವೆ; ಕೊಳೆಯ ಮಾತು ಬಂದಾಗ ಮಾತ್ರ ಒಬ್ಬೊಬ್ಬರಾಗಿಬಿಡುತ್ತೇವೆ. ನಗರಾಡಳಿತದ ಪಟವೂ ಕೆಂಗೇರಿಯ ಆಚೆ ಮುಗಿಯುತ್ತದೆ. ಬೈರಮಂಗಲದವರಿಗೆ ಇಲ್ಲಿ ಓಟಿಲ್ಲ.