ಸಮುದ್ರವಿಹಾರವೂ ಅಭಿರುಚಿಯೂ

ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದಕ್ಕಾಗಿ ಹಡಗನ್ನೇರುವವನಿಗೆ ಆಯ್ಕೆಯ ಕ್ಲೇಶವಿಲ್ಲ. ಸಮುದ್ರವು ಅವನು ದಾಟಬೇಕಾದ ಒಂದು ಅಡ್ಡಿ, ಅಷ್ಟೆ. ಯಾವ ಊರಿನ ಕಾರ್ಯವೂ ಇಲ್ಲದೆ, ಹೊರಟ ರೇವಿಗೇ ಮರಳುವುದಕ್ಕಾಗಿ ಹಡಗನ್ನೇರುವವನ ಸಂಗತಿ ಬೇರೆ. ಅವನ ಪ್ರಯಾಣಕ್ಕೆ ಅವನ ಅಭಿರುಚಿಯೇ ಕಾರಣ. ಆದುದರಿಂದ ಆ ಅಭಿರುಚಿಗೆ ಎಲ್ಲಿಯವರೆಗೆ ಅಧಿಕಾರವುಂಟೆಂಬ ಪ್ರಶ್ನೆಯನ್ನು ಅವನು ತಪ್ಪಿಸಿಕೊಳ್ಳಲಾರನು.

ಈ ವಿಹಾರದ ಹುಟ್ಟಿನಲ್ಲಿ ಅಭಿರುಚಿಗಿಂತಲೂ ವ್ಯಾಪಾರದ ಕಷ್ಟವೇ ಹೆಚ್ಚು. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವವರು ಕಡಮೆಯಾಗಿ ಹಡಗುಗಳು ಸುಮ್ಮನಿರುವುದನ್ನು ಕಂಡು, ಹಾಂಬುರ್ಗ್-ಅಮೆರಿಕಾ ಕಂಪೆನಿಯ ಆಲ್ಬರ್ಟ್ ಬಾಲಿನ್ ಎಂಬಾತನು 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಹೊರಡಿಸಿದನು. ಇಂದು ಬಗೆಬಗೆಯ ಹಡಗುಗಳುಂಟು. ಸಂಗೀತಪ್ರಿಯರಿಗೊಂದು, ಭೋಜನಪ್ರಿಯರಿಗೊಂದು, ಲಕ್ಸರಿನಿಂದ ಅಸ್ವಾನಿನವರೆಗೆ ನೈಲ್ ನದಿಯ ದೇವಾಲಯಗಳನ್ನು ನೋಡುವವರಿಗೊಂದು, ಗಲಪಗಸ್ ದ್ವೀಪಗಳ ಆಮೆಗಳನ್ನು ನೋಡುವವರಿಗೊಂದು. 2024ರಲ್ಲಿ ಸಂಚಾರಕ್ಕೆ ಬಂದ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗು ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ಇಂತಹ ಹಡಗಿನಲ್ಲಿ ಉಂಡು, ನಾಟಕ ನೋಡಿ, ಮಲಗಿ ಬರುವವನನ್ನು ಕಂಡರೆ, ಪ್ರಕೃತಿದರ್ಶನಕ್ಕಾಗಿ ಸಣ್ಣ ಹಡಗನ್ನೇರುವ ವಿದ್ಯಾವಂತನಿಗೆ ಸ್ವಲ್ಪ ತಾತ್ಸಾರ. ತನ್ನದು ಶ್ರೇಯಸ್ಸು, ಅವನದು ಬರಿಯ ಪ್ರೇಯಸ್ಸು ಎಂದು ಅವನ ಭಾವನೆ.

ಈ ತಾತ್ಸಾರಕ್ಕೆ ಆಧಾರವೆಷ್ಟು? ದೊಡ್ಡ ಹಡಗು ನಿರಪರಾಧಿಯಲ್ಲ. ಅವುಗಳ ಹಾವಳಿಯನ್ನು ತಾಳಲಾರದೆ ವೆನಿಸ್ ನಗರದ ಜುದೆಕ್ಕಾ ಕಾಲುವೆಗೆ ಅವು ಬಾರದಂತೆ 2021ರಲ್ಲಿ ನಿಷೇಧ ವಿಧಿಸಬೇಕಾಯಿತು. ಆದರೂ ಅದರೊಳಗಿನ ಭೋಗಿಗೆ ಬೇಕಾದುದು ಹಡಗೇ. ಅದು ಯಾವ ನೀರಿನ ಮೇಲೆ ತೇಲಿದರೂ ಅವನಿಗೆ ಒಂದೇ. ಸಂಸ್ಕಾರವಂತನ ಅಭಿರುಚಿಯಾದರೋ ಯಾರೂ ಮುಟ್ಟದ ಸ್ಥಳವನ್ನೇ ಅರಸುತ್ತದೆ. ಅವನು ಕಾಲಿಟ್ಟೊಡನೆ ಅದು ಯಾರೂ ಮುಟ್ಟದ ಸ್ಥಳವಾಗಿ ಉಳಿಯದು.

ದಕ್ಷಿಣ ಧ್ರುವಖಂಡದಲ್ಲಿ ಈ ತೊಡಕು ಬಹಳ ಸ್ಪಷ್ಟ. ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬಾತನು 1966ರಲ್ಲಿ ಅಲ್ಲಿಗೆ ಯಾತ್ರಿಕರ ತಂಡವನ್ನು ಕರೆದೊಯ್ದನು. ಕಣ್ಣಾರೆ ಕಂಡವನೇ ಅದನ್ನು ಕಾಪಾಡಲು ಮುಂದಾಗುವನೆಂಬುದು ಈ ಬಗೆಯ ಯಾತ್ರೆಯ ಪರವಾದ ವಾದ. ವಾದವು ಹುಸಿಯಲ್ಲ. ಕಾಣದ ವಸ್ತುವಿನಲ್ಲಿ ಮಮತೆ ಹುಟ್ಟುವುದು ಕಷ್ಟವೇ ಸರಿ. ಆದರೆ ಈಚೆಗೆ ಒಂದು ಋತುವಿನಲ್ಲಿಯೇ ಲಕ್ಷಕ್ಕೂ ಮಿಕ್ಕಿ ಜನ ಅತ್ತ ಹೋಗುತ್ತಿರುವರು. ಮೊದಲ ನೂರು ಮಂದಿಯ ದರ್ಶನಕ್ಕೆ ಹೊಂದುವ ಸಮರ್ಥನೆಯು ಲಕ್ಷದ ಮೇಲಿನವನಿಗೂ ಹೊಂದುವುದೇ? ಹೊಂದದೆಂದರೆ, ಮೊದಲು ಹೋದವನಿಗೆ ಇದ್ದ ಹಕ್ಕು ತಡವಾಗಿ ಹುಟ್ಟಿದವನಿಗೆ ಏಕಿಲ್ಲ? ಇದಕ್ಕೆ ಸುಲಭವಾದ ಉತ್ತರವಿಲ್ಲ. ಹಣವುಳ್ಳವನು ಹೋಗಲಿ ಎಂಬುದಂತೂ ಉತ್ತರವೇ ಅಲ್ಲ.

ಅಲ್ಲಿಗೆ ಯಾತ್ರಿಕರನ್ನು ಒಯ್ಯುವ ಸಂಸ್ಥೆಗಳು 1991ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು ಕೆಲವು ಕಟ್ಟುಗಳನ್ನು ವಿಧಿಸಿಕೊಂಡಿವೆ. ಐನೂರಕ್ಕೂ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸಕೂಡದು. ಒಂದೆಡೆ ಒಮ್ಮೆಗೆ ನೂರು ಮಂದಿಗಿಂತ ಹೆಚ್ಚು ಯಾತ್ರಿಕರು ಇಳಿಯಕೂಡದು. ರುಚಿಗೆ ಬೆಲೆಯಿರುವುದು ಅದು ತನ್ನ ವಸ್ತುವಿನಿಂದ ಕಟ್ಟನ್ನು ಸ್ವೀಕರಿಸುವಾಗ. ಸಂಗೀತದಲ್ಲಿ ನಿಜವಾದ ರುಚಿಯುಳ್ಳವನು ಗಾಯಕನು ಶ್ರುತಿ ಸೇರಿಸುವವರೆಗೆ ಸುಮ್ಮನೆ ಕುಳಿತಿರುವನಷ್ಟೆ. ಪೆಂಗ್ವಿನ್ ಹಕ್ಕಿಯನ್ನು ಪ್ರೀತಿಸುವೆನೆಂಬವನೂ ಅದು ನಡೆಯುವ ದಾರಿಗೆ ಅಡ್ಡ ನಿಲ್ಲದೆ ದೂರ ಸರಿಯಬೇಕು.

ಆದುದರಿಂದ ಅಭಿರುಚಿಯ ಪರೀಕ್ಷೆಯು ಟಿಕೆಟು ಕೊಳ್ಳುವಾಗ ಮುಗಿಯುವುದಿಲ್ಲ. ದಡಕ್ಕಿಳಿಯುವ ಮುನ್ನ ಪ್ರತಿಯೊಬ್ಬನೂ ತನ್ನ ಬೂಟುಗಳನ್ನು ತೊಳೆದು, ಊರಿನಿಂದ ಬಂದ ಹುಲ್ಲಿನ ಬೀಜವೊಂದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದೆಯೇ ಎಂದು ಹುಡುಕಬೇಕು. ನೂರು ಮಂದಿ ದಡದಲ್ಲಿರುವಾಗ ಉಳಿದವರು ಹಡಗಿನ ಮೇಲೆಯೇ ಕಾಯಬೇಕು. ಗಾಳಿ ತಿರುಗಿದರೆ ಅವರ ಸರದಿ ಬಾರದೆಯೇ ಹಡಗು ಮುಂದಕ್ಕೆ ಹೊರಟುಬಿಡುವುದೂ ಉಂಟು. ಆಗ ಕೊಟ್ಟ ಹಣವನ್ನೆಣಿಸಿ ಕಪ್ತಾನನ ಮೇಲೆ ಸಿಡುಕುವವನೂ, ಕಟಕಟೆಯನ್ನು ಹಿಡಿದು ದೂರದ ಹಿಮವನ್ನು ನೋಡುತ್ತ ನಿಲ್ಲುವವನೂ ಒಂದೇ ಹಡಗಿನವರೇ.