ಮೈಗೆ ಹಿಡಿಸಿದ್ದು, ಮಂದಿಗೆ ಹೇಳಿದ್ದು

"ಈ ಸೋಪು ಒಳ್ಳೆಯದೇ?" ಎಂದು ಯಾರಾದರೂ ಕೇಳಿದರೆ ನಾವು ಯೋಚಿಸಲು ನಿಲ್ಲುವುದಿಲ್ಲ. "ಒಳ್ಳೆಯದು, ತಗೊಳ್ಳಿ" ಎನ್ನುತ್ತೇವೆ. ಇಲ್ಲವೇ "ಬೇಡ, ಮೈ ತುರಿಸುತ್ತದೆ" ಎನ್ನುತ್ತೇವೆ. ದೇವರು, ಧರ್ಮ, ಸಾವು ಇಂಥ ದೊಡ್ಡ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳುವಾಗ ಇರುವ ಅಳುಕು ಸೋಪು, ಪೌಡರು, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮುಗಳ ವಿಷಯದಲ್ಲಿ ಇರುವುದಿಲ್ಲ. ಆದರೆ ನಾವು ನೆರೆಹೊರೆಯವರಿಗೆ ಕೊಡುವ ಸಲಹೆಗಳಲ್ಲಿ ಹೆಚ್ಚಿನವು ಇಂಥ ಸಣ್ಣ ವಸ್ತುಗಳ ಬಗ್ಗೆಯೇ ಇರುತ್ತವೆ. ನಮ್ಮ ಮಾತನ್ನು ನಂಬಿ ಅವರು ದುಡ್ಡು ಕೊಡುತ್ತಾರೆ, ಮೈಗೆ ಹಚ್ಚಿಕೊಳ್ಳುತ್ತಾರೆ. ಆದ್ದರಿಂದ ಒಂದು ಪ್ರಶ್ನೆ ಕೇಳಿಕೊಳ್ಳುವುದು ಅನುಚಿತವಲ್ಲ. ನನ್ನ ಮೈಮೇಲೆ ಪ್ರಯೋಗಿಸಿ ನೋಡಿದ ಒಂದು ವಸ್ತುವಿನ ಬಗ್ಗೆ ಇನ್ನೊಬ್ಬರಿಗೆ ಎಷ್ಟು ಹೇಳುವ ಹಕ್ಕು ನನಗಿದೆ?

ನಾನು ಬ್ಯಾಂಕೊಂದರಲ್ಲಿ ಕ್ಲಾರ್ಕ್. ತತ್ವಶಾಸ್ತ್ರವನ್ನು ಬಿ.ಎ. ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದಿದವಳು. ಆದರೂ ನಮ್ಮ ವೃತ್ತಿಯ ಒಂದು ಹಳೆಯ ಪದ್ಧತಿ ಈ ಪ್ರಶ್ನೆಗೆ ನೆರವಾಗುತ್ತದೆ. ಹಿಂದೆ ಹೊಸ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರ ಪರಿಚಯದ ಸಹಿ ಬೇಕಾಗುತ್ತಿತ್ತು. ಆ ಸಹಿ ಹಾಕಿದವರು "ಈತ ಸತ್ಯವಂತ" ಎಂದು ಹೇಳುತ್ತಿರಲಿಲ್ಲ. "ಈತನನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ, ಈತ ಇಂಥ ಊರಿನವನು" ಎಂದಷ್ಟೇ ಹೇಳುತ್ತಿದ್ದರು. ತಾನು ಕಂಡದ್ದಕ್ಕೆ ಸಾಕ್ಷಿ, ಕಾಣದ್ದಕ್ಕೆ ಅಲ್ಲ. ಸೋಪಿನ ಬಗ್ಗೆ ನಾವು ಕೊಡುವ ಅಭಿಪ್ರಾಯವೂ ಇಂಥ ಪರಿಚಯದ ಸಹಿ. ಕಂಡದ್ದನ್ನು ದಾಟಿ ಬರೆದರೆ ಅದು ಸುಳ್ಳು ಸಾಕ್ಷಿಯಾಗುತ್ತದೆ.

"ಒಳ್ಳೆಯದು" ಎಂಬುದು ಒಂದು ಮಾತು, "ನನಗೆ ಹಿಡಿಸಿತು" ಎಂಬುದು ಇನ್ನೊಂದು. ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದು ನಮ್ಮ ಊರುಗಳ ನೀರನ್ನು ನೋಡಿದರೆ ತಿಳಿಯುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂ ಊರುಗಳು ಕೃಷ್ಣಾ ನದಿಯ ಸೀಮೆಯವು, ಇಂದು ತೆಲಂಗಾಣದಲ್ಲಿವೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಮಾತ್ರ ಆಂಧ್ರಕ್ಕೆ ಸೇರಿದವು. ಅದೇ ದಿನ ನಿಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಹೀಗೆ ಒಂದೇ ದಿನದಲ್ಲಿ ಗಡಿನಾಡಿನವರಾದ ನಮಗೂ ನಿಮಗೂ ಭಾಷೆಯ ಚಿಂತೆ ಒಂದೇ ಬಗೆಯದು. ಬಾವಿಯ ನೀರು ಮಾತ್ರ ಬೇರೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಮುರಕಲ್ಲಿನ ನೆಲದೊಳಗೆ ಇಳಿದು ಬಾವಿಗೆ ಬರುವ ಆ ನೀರು ಮೆದು. ನಮ್ಮಲ್ಲಿ ಬೀಳುವ ಮಳೆ ಅದರ ಐದನೆಯ ಒಂದು ಪಾಲಿನ ಆಸುಪಾಸು. ಕೊಳವೆ ಬಾವಿಯಿಂದ ಮೇಲೆ ಬರುವುದು ಸುಣ್ಣದ ಅಂಶ ತುಂಬಿದ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪಿನ ಕೊಬ್ಬಿನಾಮ್ಲದೊಡನೆ ಕೂಡಿ ಕರಗದ ಕಿಟ್ಟವಾಗುತ್ತವೆ. ನೊರೆ ಬರುವ ಬದಲು ಬಕೆಟಿನ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತದೆ, ತಲೆಗೂದಲು ಹುರಿಹಗ್ಗವಾಗುತ್ತದೆ.

ಕೇರಳದ ಮನೆಗಳಿಗೆ ಪರಿಚಿತವಾದ ತೆಂಗಿನೆಣ್ಣೆಯ ಸೋಪನ್ನೇ ತೆಗೆದುಕೊಳ್ಳಿ. ತೆಂಗಿನೆಣ್ಣೆಯ ಸೋಪು ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ. ಹಡಗಿನವರು ಸಮುದ್ರದ ನೀರಿನಲ್ಲಿ ಮೀಯಲು ಅದನ್ನೇ ಬಳಸುತ್ತಿದ್ದರು. ಆದ್ದರಿಂದ ನಮ್ಮ ಗಡಸು ನೀರಿಗೆ ಅದು ಹೊಂದಬೇಕು, ಹೊಂದುತ್ತದೆ ಕೂಡ. ಆದರೆ ಅದೇ ಸೋಪು ಚರ್ಮದ ಜಿಡ್ಡನ್ನು ಬೇಗ ತೆಗೆದುಬಿಡುತ್ತದೆ. ನಿಮ್ಮ ತೇವದ ಗಾಳಿಯಲ್ಲಿ ಅದು ಹಿತ, ನಮ್ಮ ಒಣಗಾಳಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಮೊಣಕಾಲು ಬಿರಿಯುತ್ತದೆ. ಒಂದೇ ಸೋಪು, ಎರಡು ಊರು, ಎರಡು ಅಭಿಪ್ರಾಯ. ಎರಡೂ ಸತ್ಯವೇ. ಚಂದ್ರಗಿರಿ ಹೊಳೆಯ ದಡದಲ್ಲಿ ಮಿಂದವರೊಬ್ಬರು "ಇದಕ್ಕಿಂತ ಉತ್ತಮವಾದದ್ದು ಇಲ್ಲ" ಎಂದು ಮಕ್ತಲ್‌ಗೆ ಕಾಗದ ಬರೆದರೆ ಅವರು ಸುಳ್ಳು ಹೇಳಿದಂತಲ್ಲ, ನೀರಿನ ವಿಷಯ ಹೇಳಲು ಮರೆತಂತೆ.

ಹಾಗಾದರೆ ಅಭಿಪ್ರಾಯಗಳಿಗೆ ಬೆಲೆಯೇ ಇಲ್ಲವೆ, ಅವರವರ ಮೈ ಅವರವರಿಗೆ ಎಂದು ಬಿಟ್ಟುಬಿಡುವುದೆ? ನನಗೆ ಹಾಗೆ ತೋರುವುದಿಲ್ಲ. ವಸ್ತುವಿನಲ್ಲಿಯೂ ಒಂದು ಸತ್ಯವಿದೆ, ಅದನ್ನು ಮುಟ್ಟಿ ನೋಡಬಹುದು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಕೊಳ್ಳುವವಳು ಅಂಚಿನ ಹೊಳಪಿಗೆ ಮರುಳಾಗದೆ ಒಡಲನ್ನು ಬೆರಳಿನ ನಡುವೆ ಹಿಡಿದು ನೋಡುತ್ತಾಳೆ. ನೇಕಾರ ಅದಕ್ಕೆ ಬೇಸರಪಡುವುದಿಲ್ಲ. ಸೋಪಿಗೆ ಮೇಲೆ ಕಾಗದ ಸುತ್ತಿರುತ್ತದೆ. ಆದರೆ ಆ ಕಾಗದದ ಮೇಲೆಯೇ ಸಣ್ಣ ಅಕ್ಷರಗಳಲ್ಲಿ ಟಿ.ಎಫ್.ಎಂ. ಎಂಬ ಒಂದು ಅಂಕಿ ಇರುತ್ತದೆ. ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟು ಎಂಬ ಲೆಕ್ಕ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸೋಪಿನಲ್ಲಿ ಅದು 76ಕ್ಕೆ ಕಡಿಮೆ ಇರಕೂಡದು, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60. 'ಬೇದಿಂಗ್ ಬಾರ್' ಎಂದು ಬರೆದಿರುವುದು ಬೇರೆಯೇ ಜಾತಿ. ಅದರಲ್ಲಿ 40 ಇದ್ದರೂ ಸಾಕು. ಸುವಾಸನೆ, ಬಣ್ಣ, ಸಿನಿಮಾ ನಟಿಯ ನಗೆ ಇವುಗಳೆಲ್ಲ ಅಂಚು. ಈ ಅಂಕಿ ಒಡಲು. ಅಭಿಪ್ರಾಯ ಹೇಳುವವರು ಒಡಲನ್ನು ನೋಡಿ ಹೇಳಿದರೆ ಕೇಳುವವರಿಗೆ ಉಪಕಾರ.

ಪ್ರಯೋಗಿಸಿ ನೋಡುವುದು ಬಡವರಿಗೆ ಸುಲಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸೀಸೆಯಷ್ಟು ಶಾಂಪೂ ಕೊಂಡು, ಹಿಡಿಸದಿದ್ದರೆ ಎಸೆದು, ಇನ್ನೊಂದು ಕೊಳ್ಳುವುದು ಸಂಬಳದವರ ಆಟ. 1980ರ ದಶಕದಲ್ಲಿ ತಮಿಳುನಾಡಿನ ಕಡೆಯಿಂದ ಶಾಂಪೂವಿನ ಪುಟ್ಟ ಪೊಟ್ಟಣಗಳು ಹಬ್ಬಿದ ಮೇಲೆಯೇ ಕೂಲಿಯವಳಿಗೂ ನೋಡಿ ಬಿಡುವ ಸ್ವಾತಂತ್ರ್ಯ ಸಿಕ್ಕಿತು. ಅವಳಿಗೆ ಒಂದು ಪೊಟ್ಟಣವೆಂದರೆ ಮಾದರಿಯೂ ಹೌದು, ಹಬ್ಬದ ಖರ್ಚೂ ಹೌದು. ಅಂಟುವಾಳ, ಸೀಗೆಕಾಯಿ ಬಿಟ್ಟು ಇದೇಕೆ ಎಂದು ಹಿರಿಯರು ಗೊಣಗಬಹುದು. ಆದರೆ ಅಂಟುವಾಳ ಒಡೆದು, ನೆನೆಸಿ, ಕಿವುಚುವ ಹೊತ್ತು ಯಾರದು ಎಂಬುದನ್ನು ಗೊಣಗುವವರು ಲೆಕ್ಕ ಹಾಕುವುದಿಲ್ಲ. ದಿನವಿಡೀ ಹೊಲದಲ್ಲಿ ಬಗ್ಗಿದವಳು ಸಂತೆಯ ದಿನ ಘಮಘಮಿಸಿದರೆ ಅದರಲ್ಲಿ ಯಾವ ಪಾಪವೂ ಇಲ್ಲ. ಔಡಲೆಣ್ಣೆಯ ದೀಪದ ಕಪ್ಪು ಹಿಡಿದು ಕಾಡಿಗೆ ಮಾಡಿದ ನಮ್ಮ ಅಜ್ಜಿಯರೂ ಅಲಂಕಾರಪ್ರಿಯರೇ ಆಗಿದ್ದರು. ಕನ್ನಡಿಯ ಮುಂದೆ ನಿಂತವರಿಗೆ ನೀತಿ ಬೋಧಿಸುವುದು ನನ್ನ ಉದ್ದೇಶವಲ್ಲ. ಅವರು ಕನ್ನಡಿ ಬಿಟ್ಟು ಇನ್ನೊಬ್ಬರ ಕಡೆ ತಿರುಗಿ ಮಾತಾಡಿದಾಗಲೇ ನೀತಿಯ ಪ್ರಶ್ನೆ ಹುಟ್ಟುವುದು.

ಆ ಮಾತಿಗೆ ದುಡ್ಡು ಸಿಕ್ಕಿದ್ದರಂತೂ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಮೈಸೂರಿನ ಗಂಧದ ಸೋಪಿನ ಕಥೆ ನಮಗೆಲ್ಲ ಗೊತ್ತು. ಮೊದಲ ಮಹಾಯುದ್ಧದಿಂದ ಗಂಧದ ಕಟ್ಟಿಗೆಯ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಆರಂಭವಾಯಿತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬಂತು. ಆ ವಿದ್ಯೆ ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದ್ದರು. ಈ ಸೋಪಿನ ಪ್ರಚಾರಕ್ಕೆ 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಗೊತ್ತುಪಡಿಸಿದಾಗ ದೊಡ್ಡ ವಾದವೆದ್ದಿತು. ಕನ್ನಡದ ನಟಿ ಯಾಕಲ್ಲ ಎಂಬುದು ಆ ವಾದ. ಗಡಿನಾಡಿನವಳಾದ ನನಗೆ ಆ ನೋವು ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸಿಗೆ ಬಂದ ಪ್ರಶ್ನೆ ಬೇರೆ. ಕನ್ನಡದ ನಟಿಯೇ ಬಂದಿದ್ದರೂ, ಕೋಟಿ ಪಡೆದು ಹೇಳುವ ಮಾತನ್ನು ಪಕ್ಕದ ಮನೆಯವಳ ಮಾತಿನ ತಕ್ಕಡಿಯಲ್ಲೇ ತೂಗಬಹುದೇ? ಜಾಹೀರಾತು ಎಂದು ತಿಳಿದು ಕೇಳಿದರೆ ಮೋಸವಿಲ್ಲ. ಸ್ನೇಹಿತೆಯ ಮಾತೆಂದು ನಂಬಿಸಿದರೆ ಮೋಸ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ನಿಯಮಗಳು ಇದನ್ನೇ ಹೇಳುತ್ತವೆ. ವಸ್ತುವನ್ನು ಹೊಗಳುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ಸಾಕಷ್ಟು ತಿಳಿವಳಿಕೆ ಅಥವಾ ಅನುಭವದಿಂದ ಬಂದಿರಬೇಕು, ತಯಾರಕರೊಡನೆ ಇರುವ ಸಂಬಂಧವನ್ನು ಮುಚ್ಚಿಡಬಾರದು. ನಮ್ಮ ಪರಿಚಯದ ಸಹಿಯ ನೀತಿಯೇ ಇಲ್ಲಿ ಕಾನೂನಾಗಿದೆ.

ಇನ್ನು, ಪ್ರಯೋಗ ಎಂಬುದು ಯಾವಾಗಲೂ ನಮ್ಮ ಮೈಮೇಲೆಯೇ ನಡೆದದ್ದಲ್ಲ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು ಒಂದು ಪರೀಕ್ಷಾ ವಿಧಾನವನ್ನು ಪ್ರಕಟಿಸಿದರು. ವಸ್ತುವನ್ನು ಮೊಲದ ಕಣ್ಣಿಗೆ ಹಾಕಿ ಎಷ್ಟು ಉರಿ, ಎಷ್ಟು ಗಾಯ ಎಂದು ಅಂಕ ಕೊಡುವ ವಿಧಾನ ಅದು. ದಶಕಗಳ ಕಾಲ ಶಾಂಪೂ, ಕಾಡಿಗೆಗಳ ಸುರಕ್ಷತೆಯನ್ನು ಹೀಗೆ ಅಳೆದರು. ಭಾರತ ಸೌಂದರ್ಯವರ್ಧಕಗಳ ಇಂಥ ಪ್ರಾಣಿ ಪರೀಕ್ಷೆಯನ್ನು 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ಅದೇ ವರ್ಷ ತಡೆಯಿತು. ಔಷಧಕ್ಕಾಗಿ ಪ್ರಾಣಿಯನ್ನು ನೋಯಿಸುವುದು ಸರಿಯೇ ಎಂಬುದು ಕಷ್ಟದ ಪ್ರಶ್ನೆ. ಅಲ್ಲಿ ಒಂದು ಜೀವಕ್ಕೆ ಎದುರಾಗಿ ಇನ್ನೊಂದು ಜೀವವಿದೆ. ರೆಪ್ಪೆಯ ಬಣ್ಣದ ವಿಷಯದಲ್ಲಿ ಆ ಕಷ್ಟವಿಲ್ಲ. ನನ್ನ ಸಂತೋಷಕ್ಕಾಗಿ ಆಗುವ ಉರಿಯನ್ನು ನಾನೇ ಸಹಿಸಬೇಕು, ಅದು ಆಗದಿದ್ದರೆ ಆ ಸಂತೋಷವನ್ನು ಬಿಡಬೇಕು.

ಮೊಲದಿಂದ ಮಗಳ ಕಡೆಗೆ ಬರೋಣ. ಗದ್ವಾಲದ ಸುತ್ತ ಹತ್ತಿ ಬೀಜದ ಹೊಲಗಳಿವೆ. ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳು ಬಿಸಿಲಿನಲ್ಲಿ ನಿಲ್ಲುತ್ತಾರೆ. ಆ ಬಿಸಿಲನ್ನು ತಡೆಯುವುದು ಚರ್ಮದ ಕಪ್ಪೇ. ಮದುವೆಯ ಮಾತು ಬಂದಾಗ ಅದೇ ಕಪ್ಪು ದೋಷವಾಗುತ್ತದೆ. ನಮ್ಮ ಕಡೆ "ಹುಡುಗಿ ಕೆಂಪಗ ಅದಾಳೇನು?" ಎಂದು ಕೇಳುತ್ತಾರೆ, ಮಲೆಯಾಳದಲ್ಲಿ 'ಇರುನಿರಂ' ಎಂದು ಹೇಳಿ ಮಾತು ತೇಲಿಸುತ್ತಾರೆ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮು 2020ರಲ್ಲಿ ಹೆಸರು ಬದಲಿಸಿ 'ಗ್ಲೋ ಅಂಡ್ ಲವ್ಲಿ' ಆಯಿತು. ಕೇಳುವವರ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಬೇರೆ ವಸ್ತುಗಳಲ್ಲಿ ಹುಡುಗಿ ಕ್ರೀಮನ್ನು ಪರೀಕ್ಷಿಸುತ್ತಾಳೆ. ಇಲ್ಲಿ ಕ್ರೀಮು ಹುಡುಗಿಯನ್ನು ಪರೀಕ್ಷಿಸುತ್ತದೆ. ಬಿಳುಪು ಬಾರದಿದ್ದರೆ ಸೋತವಳು ಅವಳೇ.

ಇಲ್ಲಿಯೇ "ನನಗೆ ಹಿಡಿಸಿತು" ಎಂಬ ಪ್ರಾಮಾಣಿಕ ಮಾತೂ ಸಾಲದಾಗುತ್ತದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಗಮನಿಸಿದರು. 15 ಮಂದಿಯಲ್ಲಿ ಅಪರೂಪದ ಒಂದೇ ಗುರುತು ಕಂಡಿತು. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚುತ್ತಿದ್ದರು. ಇಂಥ ಕೆಲವು ಕ್ರೀಮುಗಳಲ್ಲಿ ಸೇರಿಸುವ ಪಾದರಸ ಚರ್ಮದ ಬಣ್ಣ ಹುಟ್ಟುವುದನ್ನು ತಡೆಯುತ್ತದೆ, ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡ ಸೇರುತ್ತದೆ. ಅಂದರೆ ಕ್ರೀಮು ಕೆಲಸ ಮಾಡುತ್ತದೆ! ಹಚ್ಚಿದವರು ಕನ್ನಡಿಯಲ್ಲಿ ಕಂಡದ್ದನ್ನೇ ಗೆಳತಿಯರಿಗೆ ಹೇಳಿದರೆ ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಕನ್ನಡಿಗೆ ಮುಖ ಮಾತ್ರ ಕಾಣುತ್ತದೆ. ಅನುಭವವೇ ದೊಡ್ಡ ಪ್ರಮಾಣ ಎಂದು ನಾವು ಹೇಳುತ್ತೇವಲ್ಲ, ಆ ಪ್ರಮಾಣಕ್ಕೂ ಒಂದು ಎಲ್ಲೆಯಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕೇಳಿದವರಿಗೆ ವಸ್ತುವಿನ ಹೆಸರಿನ ಜೊತೆಗೆ ನನ್ನ ನೀರು, ನನ್ನ ಚರ್ಮ, ಎಷ್ಟು ತಿಂಗಳು ಬಳಸಿದೆ, ಯಾರು ಕೊಂಡದ್ದು ಎಂಬುದನ್ನೂ ಹೇಳುತ್ತೇನೆ. ಪೊಟ್ಟಣದ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಒಳಗಿರುವ ಸಾಮಗ್ರಿಯ ಪಟ್ಟಿ ಇಲ್ಲದ ಯಾವುದನ್ನೂ, ಅದು ನನಗೆ ಎಷ್ಟೇ ಹಿಡಿಸಿದ್ದರೂ, ಇನ್ನೊಬ್ಬರಿಗೆ ಹೇಳುವುದಿಲ್ಲ. ಇದರಿಂದ ನನ್ನ ಮಾತು ಉದ್ದವಾಗುತ್ತದೆ, ಕೆಲವರಿಗೆ ಬೇಸರವಾಗುತ್ತದೆ. ಆಗಲಿ.

ಹೋದ ದೀಪಾವಳಿಗೆ, ನೀರು ತುಂಬುವ ದಿನ, ಅಕ್ಕನ ಮಗಳು ಹೆಸರು ವಿಳಾಸವಿಲ್ಲದ ಒಂದು ಬಿಳಿ ಡಬ್ಬಿ ತಂದು, "ಚಿಗವ್ವ, ಇದು ಛಲೋ ಅದ ಅಂತಾರ, ನೀ ಏನಂತಿ?" ಎಂದು ಕೇಳಿದಳು. ಕಾಲೇಜಿಗೆ ಹೋಗುವ ಹುಡುಗಿ, ಎಣ್ಣೆಗಪ್ಪು ಬಣ್ಣ. "ಯಾರು ಅಂತಾರ?" ಎಂದೆ. "ಎಲ್ಲಾರೂ" ಎಂದಳು. "ಎಲ್ಲಾರ ಕೂಡ ನಿನ್ನ ಮೂತ್ರಪಿಂಡ ಇಲ್ಲವ್ವಾ" ಎಂದು ಹೇಳಿ ಕೋಟ್ಟಕ್ಕಲ್‌ನ ಸಂಗತಿ ತಿಳಿಸಿದೆ. ಆಮೇಲೆ ಅವಳು ಕೇಳದೆ ಇದ್ದ ಪ್ರಶ್ನೆಗೂ ಉತ್ತರ ಕೊಟ್ಟೆ. "ನೋಡಾಕ ಬರೋರು ನಿನ್ನ ಬಣ್ಣ ಕೇಳಿದ್ರ, ಅವರ ಮನಿ ನಮಗ ಹಿಡಿಸಲಿಲ್ಲ ಅಂತ ನಾನೇ ಹೇಳಿ ಕಳಿಸ್ತೀನಿ." ಡಬ್ಬಿಯನ್ನು ಅವಳು ಎಸೆದಳೋ ಇಟ್ಟುಕೊಂಡಳೋ ನಾನು ವಿಚಾರಿಸಲಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟು ಕಲಸಿಕೊಟ್ಟು, ಬಚ್ಚಲ ಒಲೆಗೆ ಇನ್ನೆರಡು ಕಟ್ಟಿಗೆ ಒಟ್ಟಿದೆ.